ಬಿ. ಸರೋಜಾದೇವಿ ಆರಂಭದ ಚಿತ್ರಗಳ ಡಿವಿಡಿ ಪ್ಯಾಕ್: ಕೊಳ್ಳಬಹುದು, ಆದರೆ ನೋಡುವ ಮುಂಚೆ ಇದನ್ನು ಓದಿ

ಮೂರು ಡಿಸ್ಕಿನ ಈ ಪ್ಯಾಕ್ ಹಾಕುವ ಮುಂಚೆ ಟಿವಿಯ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಅಳತೆಯನ್ನು 4:3ಕ್ಕೆ ಇಡಿ. ಹಳೆಯ ಕಾಲದ ಚೌಕ ಚಿತ್ರವನ್ನು ಈಗಿನ ಅಗಲ ಪರದೆಗೆ ಎಳೆದು ತುಂಬಿಸಿದ್ದಾರೆ. ಮೊದಲ ದೃಶ್ಯಕ್ಕೇ ನಮ್ಮಮ್ಮ, “ಇದೇನೇ, ಸರೋಜಾದೇವಿ ಮುಖ ಇಷ್ಟಗಲ ಕಾಣ್ತಿದೆ?” ಅಂದರು. ನಾನು ಭರತನಾಟ್ಯ ಕಲಿಸುವವಳು. ಕತ್ತು, ಭುಜ, ನಡುವಿನ ರೇಖೆ ಚೂರು ಕೆಟ್ಟರೂ ಕಣ್ಣಿಗೆ ಚುಚ್ಚುತ್ತದೆ. ಅಳತೆ ಬದಲಾಯಿಸಿದ ಮೇಲೆ ಎಲ್ಲ ಸರಿಹೋಯಿತು.

2025ರ ಜುಲೈ 14ರಂದು ಸರೋಜಾದೇವಿ ತೀರಿಕೊಂಡ ಮೇಲೆ ಅಮ್ಮ ಅವರ ಹಳೇ ಸಿನಿಮಾ ನೋಡಬೇಕು ಅಂತಲೇ ಇದ್ದರು. ಅದಕ್ಕಾಗಿ ತಂದದ್ದು. ಇದರಲ್ಲಿರುವುದು ‘ಮಹಾಕವಿ ಕಾಳಿದಾಸ’ (1955), ‘ಕಿತ್ತೂರು ಚೆನ್ನಮ್ಮ’ (1961), ‘ಅಮರಶಿಲ್ಪಿ ಜಕಣಾಚಾರಿ’ (1964). ಆಯ್ಕೆ ಚೆನ್ನಾಗಿದೆ. ಡಿಸ್ಕ್‌ಗಳ ಕ್ರಮ ಮಾತ್ರ ಹಿಂದುಮುಂದು. ದಯವಿಟ್ಟು ಇಸವಿ ಪ್ರಕಾರವೇ ನೋಡಿ. ಒಬ್ಬ ಹುಡುಗಿ ನಟಿಯಾಗಿ ಬೆಳೆದದ್ದು ಆಗಲೇ ಕಾಣುವುದು. ಹೊದಿಕೆಗೆ ಹಾಕಿರುವುದು 1977ರ ‘ಬಬ್ರುವಾಹನ’ದ ಚಿತ್ರ. ಆರಂಭದ ವರ್ಷಗಳ ಸಂಗ್ರಹಕ್ಕೆ ಹದಿನೇಳರ ಆ ಮುಖ ಸಿಗಲಿಲ್ಲವೇ?

ಒಳಗಿರುವ ಕಿರುಪುಸ್ತಕದ ಮೇಲೆ ನನಗೆ ನಿಜವಾದ ಬೇಸರವಿದೆ. “ರಾತ್ರೋರಾತ್ರಿ ತಾರೆಯಾದರು” ಎಂದು ಬರೆದಿದ್ದಾರೆ. ಯಾವ ರಾತ್ರಿ? 1938ರ ಜನವರಿ 7ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಮೂಲ ಚನ್ನಪಟ್ಟಣ ತಾಲ್ಲೂಕಿನ ದಶವಾರ. ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ಆ ಕಾಲದಲ್ಲಿ ಮಗಳಿಗೆ ನೃತ್ಯ ಕಲಿಸಿ ನಟನೆಗೂ ಒತ್ತಾಸೆಯಾಗಿ ನಿಂತರು. ತಾಯಿ ರುದ್ರಮ್ಮ ಈಜುಡುಗೆ, ತೋಳಿಲ್ಲದ ರವಿಕೆ ಬೇಡವೆಂದು ಕಟ್ಟುನಿಟ್ಟು ಮಾಡಿದ್ದರು. ಮಗಳು ಅದನ್ನು ಕೊನೆಯವರೆಗೂ ಪಾಲಿಸಿದರು. ನಟ, ನಿರ್ಮಾಪಕ ಹೊನ್ನಪ್ಪ ಭಾಗವತರ್ ‘ಕಾಳಿದಾಸ’ಕ್ಕೆ ಆರಿಸಿಕೊಂಡಾಗ ವಯಸ್ಸು ಹದಿನೇಳು. 1957ರಲ್ಲಿ ಒಂದು ತಮಿಳು ಚಿತ್ರದಲ್ಲಿ ಸಣ್ಣ ನೃತ್ಯ. ಮರುವರ್ಷ ಎಂ.ಜಿ.ಆರ್. ನಿರ್ದೇಶಿಸಿದ ‘ನಾಡೋಡಿ ಮನ್ನನ್’. ಅದರಲ್ಲೂ ಇವರು ಬರುವುದು ಚಿತ್ರ ಬಣ್ಣಕ್ಕೆ ತಿರುಗುವ ಉತ್ತರಾರ್ಧದಲ್ಲಿ. 1959ರಲ್ಲಿ ತಮಿಳು ನಿರ್ದೇಶಕ ಶ್ರೀಧರ್ ಅವರ ‘ಕಲ್ಯಾಣ ಪರಿಸು’, ಅದೇ ವರ್ಷ ಹಿಂದಿಯಲ್ಲಿ ದಿಲೀಪ್ ಕುಮಾರ್ ಜೊತೆ ‘ಪೈಗಾಮ್’. ಹೀಗೆ ಭಾಷೆಯಿಂದ ಭಾಷೆಗೆ ಹೋಗಿ ದುಡಿದ ವರ್ಷಗಳನ್ನು “ಪರಭಾಷೆಗಳಲ್ಲೂ ಮಿಂಚಿದರು” ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ನನ್ನ ಹತ್ತಿರ ಕಲಿಯುವ ಮಕ್ಕಳು ಓದಬೇಕಾದದ್ದೇ ಈ ಭಾಗ.

‘ಕಾಳಿದಾಸ’ದ ಪ್ರಿಂಟ್ ಸವೆದಿದೆ, ಸದ್ದಿನಲ್ಲಿ ಗರಗರ. ಆದರೂ ಬಿಡಬೇಡಿ. ನಡಿಗೆಯಲ್ಲಿ ಇನ್ನೂ ಹಿಂಜರಿಕೆ ಇದೆ, ಕೈ ಎಲ್ಲಿಡುವುದೆಂದು ಯೋಚಿಸುವುದು ಕಾಣುತ್ತದೆ. ಕಣ್ಣು ಮಾತ್ರ ಆಗಲೇ ಪಳಗಿದೆ.

‘ಕಿತ್ತೂರು ಚೆನ್ನಮ್ಮ’ ಇಡೀ ಪ್ಯಾಕಿನ ಜೀವ. ಕಪ್ಪು ಬಿಳುಪು ಸ್ವಚ್ಛವಾಗಿದೆ, ಮಾತು ಸ್ಪಷ್ಟ, ಪಿ. ಸುಶೀಲ ಹಾಡಿದ ಅಕ್ಕಮಹಾದೇವಿಯ ವಚನ ಎಲ್ಲೂ ತುಂಡಾಗಿಲ್ಲ. ಬಿ.ಆರ್. ಪಂತುಲು ನಿರ್ದೇಶನ, ಮಲ್ಲಸರ್ಜನಾಗಿ ರಾಜ್‌ಕುಮಾರ್, ಹಿರಿಯ ರಾಣಿ ರುದ್ರಮ್ಮನಾಗಿ ಎಂ.ವಿ. ರಾಜಮ್ಮ. ಇಂಥವರ ನಡುವೆ ಇಪ್ಪತ್ತಮೂರರ ಹುಡುಗಿ, ಮದುವೆಯಾಗಿ ಬಂದವಳಿಂದ ಹಿಡಿದು ಗಂಡನನ್ನು ಕಳೆದುಕೊಂಡು ರಾಜ್ಯ ಹೊತ್ತವಳವರೆಗೆ ಒಂದು ಜೀವಮಾನವನ್ನೇ ತೋರಿಸಬೇಕು. ಮೊದಲರ್ಧದಲ್ಲಿ ಕತ್ತು ಕೊಂಚ ವಾಲಿರುತ್ತದೆ. ಆಮೇಲೆ ನೇರವಾದದ್ದು ಮತ್ತೆ ಬಾಗುವುದಿಲ್ಲ. ಕಪ್ಪ ಕೇಳುವ ಬ್ರಿಟಿಷರಿಗೆ ಕೊಡುವ ಉತ್ತರವನ್ನು ಶಾಲೆಗಳ ವೇಷಭೂಷಣ ಸ್ಪರ್ಧೆಯಲ್ಲಿ ಮಕ್ಕಳು ರಟ್ಟಿನ ಕತ್ತಿ ಹಿಡಿದು ಇವತ್ತಿಗೂ ಹೇಳುತ್ತಾರೆ, ಬಹುತೇಕ ಕಿರುಚಿಯೇ ಹೇಳುತ್ತಾರೆ. ಇಲ್ಲಿ ನೋಡಿ: ಒಂದೊಂದು ಪ್ರಶ್ನೆಗೂ ಉಸಿರು ಹಿಡಿದು, ದನಿಯನ್ನು ಮೆಟ್ಟಿಲು ಹತ್ತಿಸಿದ ಹಾಗೆ ಏರಿಸುತ್ತಾರೆ. ಆ ದೃಶ್ಯವನ್ನು ತರಗತಿಯಲ್ಲಿ ತೋರಿಸಿದೆ, ನಿಲ್ಲಿಸಿ ನಿಲ್ಲಿಸಿ.

ಮೂರನೆಯ ಡಿಸ್ಕಿಗೆ ಹೀಗೆ ಹೇಳಲಾರೆ. ‘ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ನಿರ್ದೇಶಕ ಬಿ.ಎಸ್. ರಂಗಾ ಬಣ್ಣಕ್ಕೆಂದೇ ಅಷ್ಟು ಕಷ್ಟಪಟ್ಟಿದ್ದಾರೆ, ಈ ಪ್ರತಿಯಲ್ಲಿ ಎಲ್ಲವೂ ಇಟ್ಟಿಗೆ ಕೆಂಪು. ಅದನ್ನಾದರೂ ಸಹಿಸಬಹುದು. ಸರೋಜಾದೇವಿ ಇಲ್ಲಿ ನರ್ತಕಿ. ಆ ನೃತ್ಯವೇ ನಡುವೆ ಕತ್ತರಿಸಿ ಹೋಗಿ ಮುಂದಿನ ದೃಶ್ಯ ಶುರುವಾಗುತ್ತದೆ.

ಬೆಲೆ 450 ರೂಪಾಯಿ. ಎರಡನೆಯ ಡಿಸ್ಕ್ ಒಂದಕ್ಕೇ ಅದು ಸಲ್ಲುತ್ತದೆ. ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲು ಕೇಳಿ ನೋಡಿ. ಮೂರನೆಯದನ್ನು ಅಂಗಡಿಯವರು ಒಂದು ಮಾತೂ ಆಡದೆ ಬದಲಾಯಿಸಿಕೊಟ್ಟರು, ಹೊಸ ಪ್ರತಿಯಲ್ಲೂ ನೃತ್ಯ ಅದೇ ಜಾಗದಲ್ಲಿ ಮುರಿಯಿತು. ಹಾಗಾಗಿ ಇದು ತಯಾರಕರದೇ ದೋಷ. ಅವರಿಗೆ ಕಾಗದ ಬರೆದಿದ್ದೇನೆ. ಪೂರ್ತಿ ನೃತ್ಯ ಇರುವ ಪ್ರಿಂಟ್ ತಂದರೆ ಇನ್ನೊಮ್ಮೆ ದುಡ್ಡು ಕೊಟ್ಟು ಕೊಳ್ಳಲು ತಯಾರಿದ್ದೇನೆ.