ಹೊನ್ನಿಯ ಗೂಡಿಗೆ ಹಾಕಿದ ಥರ್ಮೋಸ್ಟಾಟ್: ಒಂದೂವರೆ ವರ್ಷ ಬಳಸಿದ ಮೇಲೆ

ಹೊನ್ನಿ ನಮ್ಮ ಮನೆಯ ಬಾಲ್ ಪೈಥಾನ್, ಅಂದರೆ ಮನೆಯಲ್ಲಿ ಸಾಕುವ ಒಂದು ಬಗೆಯ ಸಣ್ಣ ಹೆಬ್ಬಾವು. ಅವಳು ಬಂದು ಮೂರು ವರ್ಷವಾಯಿತು, ಈಗ ಮೂರೂವರೆ ಅಡಿ ಉದ್ದ ಇದ್ದಾಳೆ. ಅವಳ ಗೂಡಿಗೆ ಪಲ್ಸ್ ಬಗೆಯ ಥರ್ಮೋಸ್ಟಾಟ್ (ಬಿಸಿಯನ್ನು ಹದದಲ್ಲಿಡುವ ಯಂತ್ರ) ಹಾಕಿ ಒಂದೂವರೆ ವರ್ಷ ಕಳೆದಿದೆ. ಕೊಳ್ಳಬಹುದೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಕೊಳ್ಳಿ, ಹಾವು ಮನೆಗೆ ಬರುವ ಮೊದಲೇ ಕೊಳ್ಳಿ. ಆದರೆ ಅದರ ಪ್ರೋಬ್, ಅಂದರೆ ಬಿಸಿಯನ್ನು ಅಳೆಯುವ ತಂತಿಯ ತುದಿ, ಎಲ್ಲಿರಬೇಕು ಎಂದು ತಿಳಿಯದೆ ಪ್ಲಗ್ ಹಾಕಬೇಡಿ.

ಮೊದಲು ಗೂಡಿನಡಿ ಬರೀ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಕಾಯುವ ತೆಳುವಾದ ಹಾಳೆ, ಇತ್ತು. "ಇದು ಹದಕ್ಕೆ ಬಂದು ತಾನೇ ನಿಲ್ಲುತ್ತದೆ, ಬೇರೇನೂ ಬೇಡ" ಎಂದು ಮಾರಿದವರು ಹೇಳಿದ್ದರು, ನಂಬಿದೆ. ಒಳಗಿನ ಗಾಜಿಗೆ ಅಂಟಿಸಿದ ಮುಳ್ಳಿನ ಮೀಟರ್ ಯಾವಾಗ ನೋಡಿದರೂ 29 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಒಂದು ದಿನ ಗೂಡು ತೊಳೆಯಲೆಂದು ಹೊನ್ನಿಯನ್ನು ಎತ್ತಿಕೊಂಡೆ. ಹೊಟ್ಟೆಯ ಅಗಲವಾದ ಬಿಳಿ ಹುರುಪೆಗಳಲ್ಲಿ ಮೂರು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದರ ಅಂಚು ಉಬ್ಬಿ, ಒಳಗೆ ನೀರು ತುಂಬಿದ ಹಾಗೆ ಮೆತ್ತಗಿತ್ತು. ವೈದ್ಯರು ನೋಡಿದ ಕೂಡಲೇ ಸುಟ್ಟ ಗಾಯ ಎಂದರು. ಮನೆಗೆ ಬಂದು, ಹಾಸನ್ನು ಬದಿಗೆ ಸರಿಸಿ, ಗಾಜಿನ ತಳಕ್ಕೆ ಟೆಂಪರೇಚರ್ ಗನ್ ಹಿಡಿದೆ. 47 ಡಿಗ್ರಿ! ಗೋಡೆಯ ಮೀಟರ್ ಆಗಲೂ 29ರಲ್ಲೇ ನಿಂತಿತ್ತು.

ಮೀಟರ್ ಕೆಟ್ಟಿರಲಿಲ್ಲ. ಅದು ಗೋಡೆಯ ಬಳಿಯ ಗಾಳಿಯನ್ನು ಅಳೆಯುತ್ತಿತ್ತು, ನನ್ನ ಹಾವು ಮಲಗುತ್ತಿದ್ದದ್ದು ತಳದಲ್ಲಿ. ಹಾಸು ದಪ್ಪವಾಗಿದ್ದಷ್ಟೂ ಮ್ಯಾಟಿನ ಬಿಸಿ ಮೇಲೆ ಬರಲು ದಾರಿಯಿಲ್ಲದೆ ಗಾಜಿನಲ್ಲೇ ಕೂಡಿಕೊಳ್ಳುತ್ತದೆ. ಮೇಲೆ ಕೈಯಿಟ್ಟರೆ ಬೆಚ್ಚಗೆ ಅನಿಸುತ್ತದೆ ಅಷ್ಟೆ, ಹಾವು ಹಾಸನ್ನು ಕೆದಕಿ ಕೆಳಗಿಳಿದರೆ ಸುಡುವ ಗಾಜು. ಬಾಲ್ ಪೈಥಾನಿನ ಮೇಲ್ದುಟಿಯ ಉದ್ದಕ್ಕೂ ಶಾಖವನ್ನು ಗ್ರಹಿಸುವ ಪುಟ್ಟ ಕುಳಿಗಳಿವೆ, ಕತ್ತಲಲ್ಲೂ ಬೆಚ್ಚಗಿನ ಬೇಟೆಯನ್ನು ಅವುಗಳಿಂದ ಪತ್ತೆ ಹಚ್ಚುತ್ತದೆ. ಅಂಥ ಪ್ರಾಣಿಯೇ ಹೊಟ್ಟೆಯಡಿಯ ಬಿಸಿಗೆ ಎದ್ದು ಹೋಗದೆ, ಚರ್ಮ ಸುಡುವ ತನಕ ಮಲಗಿಬಿಡುವುದುಂಟು. ಹಾಗಾಗಿ "ಬಿಸಿ ಜಾಸ್ತಿಯಾದರೆ ಅದೇ ಸರಿದುಕೊಳ್ಳುತ್ತೆ ಬಿಡಿ" ಎನ್ನುವವರ ಮಾತು ಕೇಳಬೇಡಿ.

ಗಾಯ ಮಾಯುವ ತನಕ ಹಾಸು ತೆಗೆದು ಬಿಳಿ ಕಾಗದ ಹಾಸಿದೆವು, ಮುಲಾಮು ಹಚ್ಚಿದೆವು. ಆ ಅವಸರದಲ್ಲಿ ಮೊದಲು ತಂದದ್ದು ಆನ್-ಆಫ್ ಥರ್ಮೋಸ್ಟಾಟ್. ಅದು ಪೂರ್ತಿ ಕರೆಂಟ್ ಕೊಡುತ್ತದೆ, ಹೇಳಿದ ಡಿಗ್ರಿ ಮುಟ್ಟಿದರೆ ಪೂರ್ತಿ ನಿಲ್ಲಿಸುತ್ತದೆ. ನಿಂತ ಮೇಲೂ ಮ್ಯಾಟಿನಲ್ಲಿ ಉಳಿದ ಬಿಸಿ ಏರುತ್ತಲೇ ಇರುತ್ತದೆ, ಮತ್ತೆ ಹತ್ತುವಷ್ಟರಲ್ಲಿ ಗಾಜು ತಣ್ಣಗಾಗಿರುತ್ತದೆ. ನಮ್ಮಲ್ಲಿ ಮೂರು ಡಿಗ್ರಿ ಏರಿಳಿತ ಇತ್ತು. ಹೀಟ್ ಮ್ಯಾಟಿಗೆ ಇದೇನೂ ಅಪಾಯವಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಪಲ್ಸ್ ಬಗೆಯದು ಕರೆಂಟನ್ನು ತುಣುಕು ತುಣುಕಾಗಿ ಬಿಡುತ್ತದೆ, ಹದ ಹತ್ತಿರವಾದಂತೆ ನಡುವಿನ ಬಿಡುವು ಹೆಚ್ಚುತ್ತದೆ. ಮುಂಭಾಗದ ಸಣ್ಣ ದೀಪ ಮಿಟುಕುವುದನ್ನು ನೋಡಿದರೆ ಎಷ್ಟು ಬಿಸಿ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಇದು ಬಂದ ಮೇಲೆ, ಪ್ರೋಬ್ ತನ್ನ ಜಾಗದಲ್ಲಿ ಇದ್ದಷ್ಟು ಹೊತ್ತೂ ಗಾಜಿನ ಬಿಸಿ ಒಂದು ಡಿಗ್ರಿಯೂ ಆಚೀಚೆ ಆಗಿಲ್ಲ. ಈ ಬಗೆಯದಕ್ಕೆ ಬೆಳಕಿನ ಬಲ್ಬ್ ಜೋಡಿಸಬೇಡಿ, ಮಿಣಮಿಣ ಎನ್ನುತ್ತದೆ. ಬಲ್ಬಿಗೆ ಡಿಮ್ಮಿಂಗ್ ಥರ್ಮೋಸ್ಟಾಟ್ ಬೇರೆಯೇ ಇದೆ.

ಈ ಯಂತ್ರದಲ್ಲಿ ನನಗೆ ತುಂಬ ಬೇಸರ ತರಿಸಿದ್ದು ಪ್ರೋಬ್ ಅಂಟಿಸಲು ಕೊಟ್ಟಿರುವ ರಬ್ಬರ್ ಕಪ್. ಎರಡನೇ ವಾರ, ರಾತ್ರಿ ಹನ್ನೊಂದಕ್ಕೆ ದೀಪ ಆರಿಸಲು ಹೋದಾಗ ಆ ಸಣ್ಣ ದೀಪ ಮಿಟುಕದೆ ಒಂದೇ ಸಮನೆ ಉರಿಯುತ್ತಿತ್ತು. ಡಿಸ್‌ಪ್ಲೇಯಲ್ಲಿ 25. ಹೊನ್ನಿ ರಬ್ಬರ್ ಕಪ್ಪನ್ನು ಮೂತಿಯಿಂದ ನೂಕಿ ಕಿತ್ತಿದ್ದಳು, ಪ್ರೋಬ್ ಹೋಗಿ ನೀರಿನ ಬಟ್ಟಲ ಪಕ್ಕ ಬಿದ್ದಿತ್ತು. ಥರ್ಮೋಸ್ಟಾಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು: ಪ್ರೋಬ್ ಇದ್ದಲ್ಲಿ ತಣ್ಣಗಿದೆ, ಆದ್ದರಿಂದ ಇನ್ನಷ್ಟು ಬಿಸಿ. ಆ ಹೊತ್ತಿಗೆ ಗಾಜು 39 ಮುಟ್ಟಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಹಳೆಯ ಗಾಯದ ಮೇಲೇ ಮತ್ತೆ ಸುಡುತ್ತಿತ್ತು. ಹೆಚ್ಚಾದಾಗ ಕೂಗುವ ಅಲಾರಂ ಇದೆ ನಿಜ, ಆದರೆ ಅದೂ ಕೇಳುವುದು ಅದೇ ಪ್ರೋಬಿನ ಮಾತನ್ನೇ.

ಈಗ ಪ್ರೋಬ್ ಗೂಡಿನ ಹೊರಗೆ, ಮ್ಯಾಟಿಗೂ ಗಾಜಿಗೂ ನಡುವೆ ಇದೆ, ಅಲ್ಲಿ ಹೊನ್ನಿಯ ಮೂತಿ ತಲುಪುವುದಿಲ್ಲ. ಹೊರಗೆ ಟೇಪ್ ಹಾಕಬಹುದು. ಒಳಗೆ ಮಾತ್ರ ಯಾವ ಟೇಪೂ ಬೇಡ, ಹಾವಿಗೆ ಅಂಟಿಕೊಂಡರೆ ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ. ಹೊರಗಿಟ್ಟ ಪ್ರೋಬ್ ತೋರಿಸುವುದಕ್ಕಿಂತ ಒಳಗಿನ ಗಾಜು ನಮ್ಮಲ್ಲಿ ಎರಡು ಡಿಗ್ರಿ ತಂಪು. ಅದಕ್ಕೇ ಡಿಸ್‌ಪ್ಲೇಯಲ್ಲಿ 34 ಇಟ್ಟಿದ್ದೇನೆ, ಹೊನ್ನಿಯ ಹೊಟ್ಟೆ ತಾಗುವ ಕಡೆ ಗನ್ 32 ಹೇಳುತ್ತದೆ. ನಿಮ್ಮ ಗೂಡಿನಲ್ಲಿ ಈ ವ್ಯತ್ಯಾಸ ಬೇರೆ ಇರುತ್ತದೆ. ಹಾವನ್ನು ಬಿಡುವ ಮೊದಲು ಎರಡು ದಿನ ಖಾಲಿ ಗೂಡನ್ನೇ ಬಿಸಿ ಮಾಡಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆದು ಬರೆದಿಡಿ. ಇದೇ ಅಂಕಿಯನ್ನು ಕಾರ್ನ್ ಸ್ನೇಕಿಗೆ ಇಡಬೇಡಿ, ಅದಕ್ಕೆ ಬೆಚ್ಚಗಿನ ಬದಿಯಲ್ಲಿ 29-30 ಸಾಕು.

ಮ್ಯಾಟ್ ತಳದ ಮೂರನೇ ಒಂದು ಭಾಗಕ್ಕಷ್ಟೇ ಇದೆ. ಉಳಿದದ್ದು ತಂಪಾಗಿರಲೇಬೇಕು, 25-26ರ ಸುಮಾರು. ಹಾವಿಗೆ ಮೈ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲು ಆಗುವುದಿಲ್ಲ, ಬೇಕಾದಾಗ ಬೆಚ್ಚಗಿನ ಕಡೆಗೆ, ಸಾಕಾದಾಗ ತಂಪಿನ ಕಡೆಗೆ ಹರಿದೇ ಹದ ಮಾಡಿಕೊಳ್ಳಬೇಕು. ಎರಡೂ ಕಡೆ ಒಂದೊಂದು ಅಡಗುತಾಣ ಇಡಿ. ಒಂದೇ ಇದ್ದರೆ ಅಡಗುವ ಆಸೆಗೆ ಚಳಿಯನ್ನೋ ಸೆಕೆಯನ್ನೋ ಸಹಿಸಿಕೊಂಡು ಕೂರುತ್ತದೆ. ಹೊನ್ನಿ ತಿಂದ ಮೇಲೆ ಎರಡು ಮೂರು ದಿನ ಬೆಚ್ಚಗಿನ ಅಡಗುತಾಣದಲ್ಲೇ ಸುರುಳಿ ಸುತ್ತಿಕೊಂಡಿರುತ್ತಾಳೆ, ಆಮೇಲೆ ಒಂದು ರಾತ್ರಿ ಮೆಲ್ಲಗೆ ತಂಪಿನ ಕಡೆಗೆ ಹೋಗುತ್ತಾಳೆ. ತಿಂದ ಹಾವಿಗೆ ಬಿಸಿ ಸಾಲದಿದ್ದರೆ ಜೀರ್ಣವಾಗದೆ ಕಕ್ಕಿಬಿಡುತ್ತದೆ, ಹಾಗಾಗಿ ಅವಳ ಈ ಓಡಾಟ ನೋಡುವಾಗ ನನಗಾಗುವ ಸಮಾಧಾನ ಅಷ್ಟಿಷ್ಟಲ್ಲ.

ಕರೆಂಟ್ ಹೋಗಿ ಬಂದರೂ ಇಟ್ಟ ಅಂಕಿ ಅಳಿಸುವುದಿಲ್ಲ, ಅದು ಒಳ್ಳೆಯದು. ಡಿಸ್‌ಪ್ಲೇಯ ನೀಲಿ ಬೆಳಕು ಮಾತ್ರ ರಾತ್ರಿ ನೇರ ಗೂಡಿನೊಳಗೆ ಬೀಳುತ್ತಿತ್ತು. ಬಾಲ್ ಪೈಥಾನ್ ಕತ್ತಲಾದ ಮೇಲೆ ಹೊರಬರುವ ಜೀವಿ, ಅದಕ್ಕೆ ಕತ್ತಲು ಕತ್ತಲಾಗಿಯೇ ಬೇಕು. ಯಂತ್ರವನ್ನು ಗೂಡಿನ ಬೆನ್ನಿಗೆ ತಿರುಗಿಸಿಟ್ಟೆ.

ಇನ್ನೊಂದು ಕೊರತೆ, ಇದಕ್ಕಿರುವುದು ಒಂದೇ ಸಾಕೆಟ್. ಚಳಿ ಬಂದಾಗ ತಂಪಿನ ಬದಿ 21ಕ್ಕೆ ಇಳಿಯಿತು. ಮ್ಯಾಟ್ ತಳವನ್ನು ಕಾಯಿಸುತ್ತದೆಯೇ ಹೊರತು ಗಾಳಿಯನ್ನು ಅಷ್ಟಾಗಿ ಬಿಸಿ ಮಾಡದು. ಮೇಲಿಂದ ಸೆರಾಮಿಕ್ ಹೀಟರ್ ಇಳಿಬಿಟ್ಟೆ, ಪಿಂಗಾಣಿಯ ಹೋಲ್ಡರ್, ಸುತ್ತ ತಂತಿಯ ಬಲೆ. ಬಲೆ ಇಲ್ಲದಿದ್ದರೆ ಹಾವು ಹತ್ತಿ ಹೀಟರಿಗೇ ಸುತ್ತಿಕೊಳ್ಳುತ್ತದೆ. ಆದರೆ ಅದು ಗಾಳಿಯ ತೇವವನ್ನೂ ಒಣಗಿಸಿತು, 60ರ ಆಸುಪಾಸು ಇದ್ದದ್ದು 45 ಪರ್ಸೆಂಟಿಗೆ ಇಳಿದು, ಆ ಸಲದ ಪೊರೆ ಚೂರು ಚೂರಾಗಿ ಬಿಟ್ಟಿತು. ದೊಡ್ಡ ನೀರಿನ ಬಟ್ಟಲು, ಒದ್ದೆ ಪಾಚಿ ತುಂಬಿದ ಡಬ್ಬಿ ಇಟ್ಟ ಮೇಲೆ ಮುಂದಿನ ಪೊರೆ ಮೂತಿಯಿಂದ ಬಾಲದ ತನಕ ಒಂದೇ ಕೊಳವೆಯಾಗಿ ಕಳಚಿತು. ಅದನ್ನು ಬೆಳಕಿಗೆ ಹಿಡಿದು ನೋಡಿದೆ, ಸುಟ್ಟಿದ್ದ ಮೂರರಲ್ಲಿ ಎರಡು ಹುರುಪೆ ಸರಿಯಾಗಿವೆ. ಮೂರನೆಯದರ ಅಂಚು ಇನ್ನೂ ಸೊಟ್ಟಗಿದೆ.

ಸೆರಾಮಿಕ್ ಹೀಟರಿಗೆಂದು ಇದೇ ಬಗೆಯ ಇನ್ನೊಂದು ಥರ್ಮೋಸ್ಟಾಟ್ ತಂದಿದ್ದೇನೆ. ಅದರ ಪ್ರೋಬ್ ಒಳಗೇ ಇರಬೇಕು, ಗಾಳಿಯಲ್ಲಿ. ಪೆಟ್ಟಿಗೆ ತೆರೆದವಳೇ ರಬ್ಬರ್ ಕಪ್ಪನ್ನು ಕತ್ತರಿಸಿ ತೆಗೆದು, ಪ್ರೋಬನ್ನು ಗೋಡೆಗೆ ಎರಡು ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಭದ್ರ ಮಾಡಿದೆ.