ಹಾಸ್ಟೆಲ್ ಸಂಪಿನ ನೀರಿಗೆ ಯಾವ ಪರೀಕ್ಷೆ? ಕಲ್ಚರ್, ನ್ಯಾನೋ ಪಟ್ಟಿ, ಲೇಸರ್

ದಾವಣಗೆರೆಯ ನಿಮ್ಮ ಹಾಸ್ಟೆಲ್ ಸಂಪಿನಲ್ಲಿ ಇ. ಕೊಲೈ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಇದೆಯಾ ಎಂದು ತಿಳಿಯಲು ಕಲ್ಚರ್, ನ್ಯಾನೋ ಪಟ್ಟಿ, ಲೇಸರ್ ಈ ಮೂರರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ.

ಮುಖ್ಯವಾದದ್ದು, ಎಷ್ಟು ಕಡಿಮೆ ಬ್ಯಾಕ್ಟೀರಿಯಾ ಇದ್ದರೂ ಗೊತ್ತಾಗುತ್ತದೆ ಎಂಬುದು. ಕುಡಿಯುವ ನೀರಿನ 100 ಮಿ.ಲೀ.ನಲ್ಲಿ ಇ. ಕೊಲೈ ಒಂದೂ ಇರಬಾರದು. ಕಲ್ಚರ್, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಬೆರಳೆಣಿಕೆಯಷ್ಟು ಜೀವಂತ ಬ್ಯಾಕ್ಟೀರಿಯಾವನ್ನೂ ತೋರಿಸುತ್ತದೆ. ಚಿನ್ನದ ನ್ಯಾನೋ ಕಣದ (ಅತಿ ಸೂಕ್ಷ್ಮ ಕಣದ) ಪಟ್ಟಿಯಲ್ಲಿ ಕಣಗಳು ಬ್ಯಾಕ್ಟೀರಿಯಾಕ್ಕೆ ಅಂಟಿ ಕೆಂಪು ಗೆರೆ ಮೂಡುತ್ತದೆ. ಆದರೆ ಗೆರೆ ಕಾಣಲು ಸಾಮಾನ್ಯವಾಗಿ ಮಿಲಿಲೀಟರಿಗೆ ಲಕ್ಷದ ಆಸುಪಾಸು ಬೇಕು. ಅಂದರೆ ಮೊದಲು ಕೆಲವು ಗಂಟೆ ಬೆಳೆಸಲೇಬೇಕು. ಹಾಗಾಗಿ ಪಟ್ಟಿ ಬರೀ ‘15 ನಿಮಿಷ’ದಲ್ಲಿ ಫಲಿತಾಂಶ ಕೊಡುತ್ತದೆ ಎಂಬ ಮಾತನ್ನು ಸುಮ್ನೆ ನಂಬಬೇಡಿ. ಕ್ಲೋರಿನ್‌ನಿಂದ ಸತ್ತ ಬ್ಯಾಕ್ಟೀರಿಯಾಕ್ಕೂ ಕಣಗಳು ಅಂಟಬಹುದು. ನನ್ನ ಪ್ರಕಾರ ಇದೇ ದೊಡ್ಡ ತೊಡಕು.

ಸಮಯದಲ್ಲಿ ಕಲ್ಚರ್ ಹಿಂದೆ, ಒಂದೆರಡು ದಿನ ಕಾಯಬೇಕು. ಚಿನ್ನ, ಬೆಳ್ಳಿ ಕಣಗಳ ಮೇಲೆ ಲೇಸರ್ ಬಿಟ್ಟು, ಚದುರುವ ಬೆಳಕಿನಿಂದ ಬ್ಯಾಕ್ಟೀರಿಯಾ ಗುರುತಿಸುವ ವಿಧಾನ ಬೇಗ ಮುಗಿಯುತ್ತದೆ. ಆದರೆ ಯಂತ್ರ ದುಬಾರಿ, ಪಳಗಿದ ಕೈಯೂ ಬೇಕು. ಕಾಲೇಜಿನ ಸಂಶೋಧನೆಗೆ ಅದು ಚೆನ್ನ.

ನೀರು ಕುಡಿಯಲು ಯೋಗ್ಯವೇ ಎಂದು ತೀರ್ಮಾನಿಸಬೇಕಿದ್ದರೆ ಕಲ್ಚರ್ ಮಾಡಿಸಿ. ಮಕ್ಕಳಿಗೆ ಭೇದಿ ಶುರುವಾಗಿ, ಹಲವು ಟ್ಯಾಂಕ್‌ಗಳಲ್ಲಿ ಯಾವುದು ಕೆಟ್ಟಿದೆ ಎಂದು ಅದೇ ದಿನ ಅಂದಾಜು ಬೇಕಿದ್ದರೆ ಪಟ್ಟಿ ನೆರವಾಗುತ್ತದೆ. ಗೆರೆ ಬರದಿದ್ದರೂ ನೀರು ಕಾಯಿಸಿಯೇ ಕೊಡಿ. ಮಾದರಿಗೆ ಲ್ಯಾಬ್‌ನವರು ಕೊಡುವ ಬಾಟಲಿಯನ್ನೇ ಬಳಸಿ, ತಂಪಾಗಿಟ್ಟು ಅದೇ ದಿನ ತಲುಪಿಸಿ.