ಬೇಸಿಗೆ ಮುಂಚೆ ಸೆಕೆಂಡ್ ಹ್ಯಾಂಡ್ ಟೈರ್ ಹಾಕಿಸೋರು ಇದನ್ನ ಓದಿರಿ

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ಕಲಬುರಗಿಯಿಂದ ಹುಮನಾಬಾದ್ ಕಡೆ ಏಳು ಜನರನ್ನ ಹೊತ್ತು ಹೊಂಟಿದ್ದ ಕಾರಿನ ಹಿಂದಿನ ಎಡಗಡೆ ಟೈರ್ ಒಡೀತು. ಹಿಂಭಾಗ ಅಡ್ಡ ತಿರುಗಿ ಕಾರು ರಸ್ತೆ ಬಿಟ್ಟು ಹೊಲಕ್ಕಿಳೀತು. ಜೀವಕ್ಕೆ ಏನೂ ಆಗಲಿಲ್ಲ, ಅದೊಂದೇ ಸಮಾಧಾನ. ನಾಲ್ಕು ತಿಂಗಳ ಹಿಂದೆ ‘ಹೊಸದರಂಗೇ ಐತಿ’ ಅಂತ ಮಾರಿದ ಸೆಕೆಂಡ್ ಟೈರ್ ಅದು. ಗ್ರಿಪ್ 5 ಮಿ.ಮೀ. ಉಳಿದಿತ್ತು. ಆದರೆ ಪಕ್ಕದ ಗೋಡೆ ಮೇಲೆ ಇದ್ದ ಅಂಕಿ 2314.

ಅಂದರೆ 2014ರ 23ನೇ ವಾರ ತಯಾರಾದದ್ದು. ‘ಡಾಟ್’ (DOT) ಅಕ್ಷರಗಳಿಂದ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ಇದು. ಎಷ್ಟೋ ಟೈರ್‌ಗಳಲ್ಲಿ ಒಂದೇ ಪಕ್ಕಕ್ಕೆ ಇರುತ್ತದೆ. ಕಾಣದಿದ್ದರೆ ಟೈರ್ ಹೊರಳಿಸಿ ತೋರಿಸೆನ್ನಿ, ತೋರಿಸದಿದ್ದರೆ ಅಂಗಡಿ ಬಿಟ್ಟು ಬನ್ನಿರಿ. ಗ್ರಿಪ್ ಎಷ್ಟು ಸವೆದಿದೆ ಅನ್ನೋದು ಟೈರ್ ಎಷ್ಟು ಓಡಿದೆ ಅಂತ ಹೇಳುತ್ತದೆ, ಅದರ ವಯಸ್ಸು ಹೇಳೋದಿಲ್ಲ. ನಿಂತಲ್ಲೇ ನಿಂತರೂ ರಬ್ಬರ್ ಒಣಗಿ ಗಡಸಾಗುತ್ತದೆ, ಒಳಗಿನ ಉಕ್ಕಿನ ಪಟ್ಟಿಗೂ ರಬ್ಬರಿಗೂ ಇರುವ ಹಿಡಿತ ಸಡಿಲಾಗುತ್ತದೆ. ನಮ್ಮ 42–43 ಡಿಗ್ರಿ ಬಿಸಿಲಲ್ಲಿ ಈ ಕೆಲಸ ಇನ್ನೂ ಬೇಗ. ಕಪ್ಪು ಪಾಲಿಶ್ ಹೊಡೆದಿದ್ದರೆ ಬಟ್ಟೆಯಿಂದ ಒರೆಸಿ, ಗ್ರಿಪ್ಪಿನ ಸಂದು ಅಗಲಿಸಿ ನೋಡಿರಿ: ಕೂದಲೆಳೆಯಂಥ ಬಿರುಕು ಅಲ್ಲಿ ಮೊದಲು ಕಾಣುತ್ತದೆ. ಪಕ್ಕದಲ್ಲಿ ಉಬ್ಬು ಇದ್ದರೆ ಒಳಗಿನ ದಾರ ಹರಿದಿದೆ, ಅದಕ್ಕೆ ರಿಪೇರಿ ಇಲ್ಲ. ಪಕ್ಕದ ಗೋಡೆಗೆ ಪಂಕ್ಚರ್ ಹಾಕಿದ್ದರೂ ಬೇಡ.

ಗೋಡೆ ಮೇಲೆ ಬೆಟ್ಟದ ಚಿತ್ರದೊಳಗೆ ಹಿಮದ ಹರಳು ಇದ್ದರೆ ಅದು ಹಿಮದ ನಾಡಿನ ಟೈರ್. 7 ಡಿಗ್ರಿಗಿಂತ ಕೆಳಗೂ ಮೆತ್ತಗೆ ಇರಲೆಂದು ಮಾಡಿದ ರಬ್ಬರ್. ಲಡಾಖಿನ ಚಳಿಗಾಲಕ್ಕೆ ಕೊಟ್ಟ ದುಡ್ಡು ಸಾರ್ಥಕ, ಸೇಡಂ ರಸ್ತೆಯ ಮೇ ತಿಂಗಳಲ್ಲಿ ಬೇಗ ಸವೆದು ಬ್ರೇಕಿಗೆ ಹೆಚ್ಚು ದೂರ ತೆಗೆದುಕೊಳ್ಳುತ್ತದೆ.

ತೊಂದರೆ ಹಳೇ ಟೈರ್ ಒಂದೇ ಆಗಿದ್ದರೆ ಅವತ್ತು ಕಾರು ಊರು ಮುಟ್ಟುತ್ತಿತ್ತೇನೋ. ಗಾಳಿಯೂ ಕಡಿಮೆ ಇತ್ತು. ಬಿಸಿಲಿಗೆ ಒಡೆಯಬಾರದು ಅಂತ ಗಾಳಿ ಇಳಿಸೋ ರೂಢಿ ಜಿಲ್ಲೆಯಲ್ಲೆಲ್ಲ ಇದೆ, ಇದು ಪೂರಾ ತಪ್ಪು. 33 ಪಿ.ಎಸ್.ಐ. (ಗಾಳಿ ಒತ್ತಡದ ಅಳತೆ) ಹಾಕಿದ ಟೈರ್ ಓಡಿ ಬಿಸಿಯಾದಾಗ 37–38 ತೋರಿಸೋದು ಸಹಜ. ಆಗ 33ಕ್ಕೆ ಇಳಿಸಿದರೆ ತಣ್ಣಗಿದ್ದಾಗ ಉಳಿಯೋದು 28ರ ಆಸುಪಾಸು. ಗಾಳಿ ಕಡಿಮೆಯಾದಷ್ಟೂ ಪಕ್ಕದ ಗೋಡೆ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ಒಡೆಸೋದು ಆ ಕಾವು. ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ, ಇಲ್ಲವೆ 2 ಕಿ.ಮೀ. ಒಳಗೆ ಗಾಳಿ ನೋಡಿರಿ. ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ತುಂಬಿದ ಗಾಡಿಗೆ ಬೇರೆ ಅಂಕಿ ಇದ್ದರೆ ಗಾಣಗಾಪುರಕ್ಕೋ ಮದುವೆಗೋ ಮನೆಮಂದಿಯೆಲ್ಲ ಹೊರಟಾಗ ಅದನ್ನೇ ಹಾಕಿಸಿರಿ. ನೈಟ್ರೋಜನ್ ಹಾಕಿಸಿದ್ದೇವೆ ಅಂತ ಇದನ್ನ ಬಿಡಬೇಡಿ, ಮಾಮೂಲಿ ಗಾಳಿಯಲ್ಲೂ ನೂರಕ್ಕೆ 78 ಭಾಗ ಅದೇ.

ಎರಡೇ ಹೊಸ ಟೈರಿಗೆ ದುಡ್ಡಿದ್ದರೆ ಅವು ಹಿಂದಕ್ಕೆ. ಮುಂದಿನದು ಜಾರಿದರೆ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ, ಹಿಂದಿನದು ಜಾರಿದರೆ ಗಾಡಿಯೇ ತಿರುಗುತ್ತದೆ. ದಾರಿಯಲ್ಲಿ 50–60ರ ವೇಗಕ್ಕೆ ‘ದಡದಡ’ ನಡುಕ ಶುರುವಾದರೆ ಅಲೈನ್‌ಮೆಂಟ್ ಅಂತ ಮುಂದೂಡಬೇಡಿ, ಪಟ್ಟಿ ಬಿಡುವಾಗಲೂ ಹೀಗೇ ಆಗೋದು. ಒಡೆದೇಬಿಟ್ಟರೆ ಬ್ರೇಕ್ ಜೋರಾಗಿ ಒತ್ತಬೇಡಿ. ಸ್ಟೇರಿಂಗ್ ನೆಟ್ಟಗೆ ಗಟ್ಟಿ ಹಿಡಿದು, ಆಕ್ಸಿಲರೇಟರ್ ನಿಧಾನ ಬಿಟ್ಟು, ವೇಗ ತಾನಾಗಿ ಇಳಿದ ಮೇಲೆ ಪಕ್ಕಕ್ಕೆ ತನ್ನಿರಿ. ಡಿಕ್ಕಿಯಲ್ಲಿರೋ ಸ್ಟೆಪ್ನಿಯ ತಯಾರಿಕೆ ಅಂಕಿಯನ್ನೂ ಇವತ್ತೇ ನೋಡಿರಿ.